ಆಯಿಯ ತಪ್ ತಪ್

ತಪ್ ತಪ್ ತಪ್ ತಪ್ ತಪ್ ತಪ್...

ಅಡುಗೆಮನೆಯ ಬಾಗಿಲಿಗೆ ಕಿವಿ ಹಚ್ಚಿದ್ದ ಚಿನ್ಮಯೀ ಹುಬ್ಬು ಗಂಟಿಕ್ಕಿದಳು. ಅಪ್ಪನ ಅವ್ವ ಮುರಿಗೆವ್ವ ಆಯಿ ರೊಟ್ಟಿ ಬಡಿಯುವ ಸದ್ದು ಅವಳಿಗೆ ಬಾಯಿಪಾಠ. ಕ್ಲಾಸಿನಲ್ಲಿ ಬೆಂಚಿನ ಮೇಲೆ ಅದನ್ನೇ ಮಿಮಿಕ್ರಿ ಮಾಡಿ ಬೈಸಿಕೊಂಡಿದ್ದಳು. ಒಂದು ರೊಟ್ಟಿಯಾದ ಮೇಲೆ ಸದ್ದು ನಿಲ್ಲಬೇಕು. ಅದನ್ನು ಹಂಚಿಗೆ ಹಾಕಬೇಕಲ್ಲ! ಇವತ್ತು ನಿಲ್ಲುತ್ತಲೇ ಇಲ್ಲ. ಆಯಿ ಬಡಿಯುತ್ತಿರುವುದು ತಾವಿರುವ ಇಡೀ ಬೈರಿದೇವರಕೊಪ್ಪದಷ್ಟು ಅಗಲದ ರೊಟ್ಟಿಯೇ?

ಬಾಗಿಲು ತಳ್ಳಿದಳು. ಆಯಿ ಖಾಲಿ ಹಲಗೆಗೆ ಬಡಿಯುತ್ತಿದ್ದಳು. ಪಕ್ಕದಲ್ಲಿ ಹಿಂದಿನ ಓಣಿಯ ರೊಟ್ಟಿ ಅಂಗಡಿಯ ಪ್ಯಾಕೆಟ್ಟು!

“ಆಯೀ! ಚೀಟಿಂಗ್!”

“ಸಾವಕಾಶ, ನಮ್ಮವ್ವಾ! ನಿಮ್ಮಪ್ಪಗ ಕೇಳಿಸೀತು.” ಆಯಿ ಸೆರಗು ಸರಿಸಿ ಜೋಲುಬಿದ್ದ ತೋಳು ತೋರಿಸಿದಳು. “ವಯಸ್ಸಾತಂದ್ರ ಕೈಕಾಲಾಗಿನ ಖಂಡ ಕರಗತಾವಂತ. ಡಾಕ್ಟರ್ ಹೇಳ್ಯಾರ. ರೊಟ್ಟಿ ಆಗೂಕಿಂತ ಮೊದಲ ರಟ್ಟಿ ಸೋಲತಾವ.”

“ಅಪ್ಪಗ ಹೇಳು ಮತ್ತ.”

“ಹೇಳಿದ್ರ ಮುಗೀತು. ‘ಅವ್ವಾ, ಇನ್ನ ನೀ ಆರಾಮ್ ಕುಂಡ್ರು’ ಅಂತ ಟಿವಿ ಮುಂದ ಗೊಂಬಿ ಹಂಗ ಕುಂಡ್ರಿಸ್ತಾನ. ಈ ಅಡಗಿಮನಿ ನಂದು!”

“ಔಷಧ ಕೊಟ್ಟಿಲ್ಲೇನು?”

“ಎಲ್ಲೀ ಔಷಧ? ಬ್ಯಾಳಿ, ಮೊಸರು ಹೆಚ್ಚಿಗಿ ತಿನ್ರಿ, ದಿನಾ ಕುರ್ಚಿಯಿಂದ ಎದ್ದು ಕುಂತು ಮಾಡ್ರಿ ಅಂದ್ರು. ನಾ ಏನ್ ಹೋಂವರ್ಕ್ ಮರ್ತೇನೇನ, ಬಸ್ಕಿ ಹೊಡ್ಯಾಕ?”

ಚಿನ್ಮಯೀ ಕುರ್ಚಿ ಎಳೆದು ತಂದು ಆಯಿಯನ್ನು ಕೂರಿಸಿದಳು. ಗಂಟಲು ಸರಿಮಾಡಿಕೊಂಡು ಪಿಟಿ ಸರ್ ದನಿ ತೆಗೆದಳು. “ಏಯ್ ಮುರಿಗೆವ್ವಾ! ಲಾಸ್ಟ್ ಬೆಂಚ್! ಎದ್ದು ನಿಂದ್ರು! ನಗಬ್ಯಾಡ!”

ಆಯಿ ನಗುತ್ತಲೇ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, “ಶಿವನ ಶಿವನ” ಎನ್ನುತ್ತ ಎದ್ದಳು.

ಅಂದಿನಿಂದ ದಿನಾ ಸಾಲೆ ಬಿಟ್ಟ ಮೇಲೆ ಅಡುಗೆಮನೆಯಲ್ಲಿ ಗುಟ್ಟಾಗಿ ಪಿಟಿ ಪೀರಿಯಡ್.

“ಸರ್, ನೀರು ಕುಡದು ಬರ್ಲ್ಯಾ?”

“ನೀರಿಲ್ಲ! ಮೊಸರು ಖಾಲಿ ಮಾಡು!”

ಮಳೆಗಾಲ ಮುಗಿದು ಚಳಿ ಬಂತು. ಒಂದು ಸಂಜೆ ಬಾಗಿಲಾಚೆ ಸದ್ದು ಕೇಳಿತು. ತಪ್ ತಪ್... ತಪ್... ನಿಂತಿತು. ಮತ್ತೆ ತಪ್. ಆಮೇಲೆ ಹಂಚಿನ ಮೇಲೆ ನೀರು ಸವರಿದ ಚುಂಯ್! ಚಿನ್ಮಯೀ ಬಾಗಿಲಿಗೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ರಾತ್ರಿ ಊಟದ ಟೇಬಲ್ಲಿನಲ್ಲಿ ಅಪ್ಪ ಅಂಗಡಿಯ ರೊಟ್ಟಿಯನ್ನು ಎತ್ತಿ ಹಿಡಿದ. “ನಮ್ಮವ್ವನ ಕೈ ಅಂದ್ರ ಕೈ! ಹುಣ್ಣಿವಿ ಚಂದ್ರಾಮ ನೋಡು!” ಅದರ ಕೆಳಗೆ ಇನ್ನೊಂದಿತ್ತು. ದಪ್ಪ, ಸೊಟ್ಟ, ಅಂಚು ಹರಿದದ್ದು. “ಅಯ್ಯ, ಇದ್ಯಾರ ಕಿತಾಪತಿ? ಚಿನ್ನೂ, ನಿಂದೇನು?”

ಆಯಿ ಪಲ್ಯದ ಸೌಟು ಹಿಡಿದೇ ಕುಳಿತುಬಿಟ್ಟಳು.

ಚಿನ್ಮಯೀ ಆ ರೊಟ್ಟಿಯನ್ನು ತನ್ನ ತಾಟಿಗೆ ಎಳೆದುಕೊಂಡಳು. “ಹೂಂ, ನಂದ. ಯಾರಿಗೂ ಕೊಡಂಗಿಲ್ಲ.”

ಅದನ್ನು ಮುರಿಯಲು ಎರಡೂ ಕೈ ಬೇಕಾದವು.

ಆಯಿ ಬೆಣ್ಣೆ ತರಲು ಎದ್ದಳು. ಕುರ್ಚಿಯ ಕೈ ಹಿಡಿಯಲಿಲ್ಲ. ಅಪ್ಪ ಅದನ್ನು ನೋಡಲೇ ಇಲ್ಲ. ಚಿನ್ಮಯೀ ನೋಡಿದಳು. ಚಪ್ಪಾಳೆ ತಟ್ಟಲು ಮೇಲೆದ್ದ ಕೈಯಿಂದ ಇನ್ನೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.