ಹತ್ತು ಸಾವಿರದ ಆಚೆಗೆ

ಹೆಣ್ಣು ನೋಡಲು ಬಂದ ಸುದರ್ಶನ ತಲೆಯೆತ್ತಿದಾಗ ಶಾಂಭವಿಯ ಎದೆ ಝಲ್ಲೆಂದಿತು... ಇವರೇ ಆಗಲಿ ಎಂದಿತು ಮನಸ್ಸು.

ಇಬ್ಬರೂ ಗಣಿತದ ಉಪನ್ಯಾಸಕರು. ಅವಳು ಕುಮಟಾದಲ್ಲಿ, ಅವನು ಹೊನ್ನಾವರದಲ್ಲಿ.

ಏನಾದರೂ ಮಾತಾಡಿಕೊಳ್ಳಿ ಎಂದರು ಹಿರಿಯರು. ಅವನು ನಾಚುತ್ತಲೇ ತನ್ನ ಪ್ರೀತಿಯ ಸಂಖ್ಯೆಯೊಂದನ್ನು ಹೇಳಿದ: ಹತ್ತು ಕೋಟಿ ಒಂದು ಲಕ್ಷ ಅರವತ್ತು ಸಾವಿರದ ಅರವತ್ಮೂರು. ಬೇಸಿಗೆ ರಜೆಯಿಡೀ ಕೈಯಲ್ಲೇ ಭಾಗಿಸಿ ನೋಡಿದ್ದನಂತೆ. ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಅದು!

ಶಾಂಭವಿಗೆ ತಡೆಯಲಾಗಲಿಲ್ಲ.

“ಅವಿಭಾಜ್ಯ ಅಲ್ಲ. ಅದಕ್ಕೆ ಒಂದು ಕೂಡಿಸಿದ್ರೆ ಹತ್ತು ಸಾವಿರದ ಎಂಟರ ವರ್ಗ. ಹತ್ತು ಸಾವಿರದ ಏಳನ್ನ ಹತ್ತು ಸಾವಿರದ ಒಂಬತ್ತರಿಂದ ಗುಣಿಸಿದ್ರೆ ನಿಮ್ಮ ಸಂಖ್ಯೆಯೇ ಬತ್ತು.”

ಅವನ ಮುಖ ಬಿಳಿಚಿತು. ಅವನ ಸೋದರಮಾವ ಮಹಾಗಣಪತಿ ತಿಂಡಿಯ ತಟ್ಟೆ ಕೆಳಗಿಟ್ಟರು.

“ನಮ್ಮನೆ ಮಾಣಿಗೆ ಹೆಂಡ್ತಿ ಬೇಕಾಗಿತ್ತು, ಮಾಸ್ತರಲ್ಲ.”

ವಾರದೊಳಗೆ ಸಂಬಂಧ ಬೇಡವೆಂದು ಮಾವನ ಫೋನು ಬಂತು. ಬಾಯಿ ಮುಚ್ಚಿಕೊಂಡು ಕೂರಬಾರದಿತ್ತೇ ಎಂದು ಅಮ್ಮ ಕಣ್ಣೀರಿಟ್ಟಳು.

ಶಾಂಭವಿಗೆ ಊಟ ಸೇರದಾಯಿತು. ಅಷ್ಟು ಜಾಗ್ರತೆಯ ಮನುಷ್ಯ ಎಲ್ಲಿ ತಪ್ಪಿದ? ತಾನೇ ಭಾಗಿಸುತ್ತ ಕೂತಳು. ಮೂರು, ಏಳು, ಹನ್ನೊಂದು... ಪ್ರತಿ ಸಲವೂ ಶೇಷ ಉಳಿಯುತ್ತಿತ್ತು. ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಇದರ ವರ್ಗಮೂಲ ಹತ್ತು ಸಾವಿರಕ್ಕಿಂತ ಒಂದಿಷ್ಟೇ ಹೆಚ್ಚು. ಅವನು ಹತ್ತು ಸಾವಿರಕ್ಕೇ ನಿಲ್ಲಿಸಿಬಿಟ್ಟಿರಬೇಕು. ಅದರಾಚೆ ಇದ್ದದ್ದು ಒಂದೇ ಅವಿಭಾಜ್ಯ, ಹತ್ತು ಸಾವಿರದ ಏಳು!

ಸಾವಿರಕ್ಕೂ ಹೆಚ್ಚು ಭಾಗಾಕಾರ ಸರಿಯಾಗಿ ಮಾಡಿ ಕೊನೆಯದೊಂದನ್ನು ಬಿಟ್ಟಿದ್ದ. ಆ ಶ್ರಮವನ್ನು ತಾನು ಒಂದೇ ಮಾತಿನಲ್ಲಿ, ಅದೂ ಎಲ್ಲರೆದುರು...

ಮರುದಿನ ಮಧ್ಯಾಹ್ನ ಹೊನ್ನಾವರದ ಬಸ್ಸು ಹತ್ತಿದಳು.

ಕಾಲೇಜಿನ ಉಪನ್ಯಾಸಕರ ಕೊಠಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ. ಕೊನೆಯ ಒಂದು ಭಾಗಾಕಾರಕ್ಕೆ ಮೊದಲೇ ನಿಲ್ಲಿಸಿದ್ದು ಬಿಟ್ಟರೆ ನಿಮ್ಮ ಲೆಕ್ಕವೆಲ್ಲ ಸರಿಯಿತ್ತು, ನಾನು ಹಾಗೆ ಹೇಳಬಾರದಿತ್ತು ಎಂದು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

“ಇಷ್ಟಕ್ಕೆ ನೀವು ಬೇಡ ಹೇಳ್ಬಾರದಾಗಿತ್ತು,” ಎಂದಳು ಕೊನೆಗೆ.

“ನಾ ಹೇಳಿದ್ನಿಲ್ಲೆ. ಬೇಡ ಹೇಳಿದ್ದು ನೀವಲ್ದಾ? ಮಾವ ಹಂಗೇ ಹೇಳಿದ್ರು.”

ಬೇಡವೆಂದು ತಮ್ಮ ಮನೆಗೆ ಫೋನು ಮಾಡಿದ್ದೂ ಅದೇ ಮಾವ ಎಂದಳು ಅವಳು. ಅವನು ಅಲ್ಲಿಯೇ ಮಾವನಿಗೆ ಫೋನು ಮಾಡಿದ. ಮಾತು ಚಿಕ್ಕದಾಗಿತ್ತು, ಮದುವೆಯಾದರೆ ಶಾಂಭವಿಯನ್ನೇ ಎಂದ. ಆ ಕಡೆಯ ಗದರಿಕೆ ಅವಳಿಗೂ ಕೇಳಿಸಿತು. ಅವನು ಪೂರ್ತಿ ಕೇಳಿಸಿಕೊಂಡು, ಅದೇ ಮಾತನ್ನು ಮತ್ತೊಮ್ಮೆ ಹೇಳಿ ಫೋನಿಟ್ಟ.

“ಅವತ್ತು ಸಿಟ್ಟು ಬಂದಿತ್ತಾ?” ಎಂದಳು ಮೆಲ್ಲಗೆ.

“ಇಲ್ಲೆ. ಹೆದ್ರಿಕೆ ಬಂದಿತ್ತು. ನೀವು ಅಷ್ಟು ಇಷ್ಟ ಆಗಿಬಿಟ್ಟಿದ್ರಿ... ನಿಮ್ಗೆ ನಾನು ಸಾಲ್ತ್ನಿಲ್ಲೆ ಅನ್ನಿಸ್ತು.”

“ತಪ್ಪು ಕಂಡ್ರೆ ನಾ ಮುಂದೂ ಹೇಳ್ತೆ.”

“ಹೇಳಿ.”

“ಹಂಗಾರೆ ಈಗ್ಲೇ ಹೇಳ್ತೆ. ಸಾಲ್ತ್ನಿಲ್ಲೆ ಅಂದ್ರಲ್ಲ... ಅದು ತಪ್ಪು.”