ದೊಡ್ಡವ್ವನ ಬಲಗೈ

"ಕಂಗ್ರಾಟ್ಸ್ ಕಣ್ರೀ" ಎಂದ ದೇವೇಂದ್ರ, ಗೊಂಬೆ ಆಡಿಸುವ ಹಲಗೆಯ ಕೆಳಗೆ ಮಣೆ ಎಳೆದುಕೊಂಡು ಕೂರುತ್ತಾ.

ಸುಮನಾಳಿಗೆ ಚುಚ್ಚಿದ್ದು ಕಂಗ್ರಾಟ್ಸ್ ಅಲ್ಲ, ಆ 'ರೀ'. ಹೋಗು, ಬಾ ಎಂದು ಸಲಿಗೆಯಿಂದ ಮಾತಾಡುತ್ತಿದ್ದವನ ಬಾಯಲ್ಲಿ ಇವತ್ತು ಇದ್ದಕ್ಕಿದ್ದಂತೆ ಬಹುವಚನ ಬಂದಿತ್ತು.

"ಯಾತಕ್ಕೆ ಕಂಗ್ರಾಟ್ಸು?"

"ಕ್ಯಾಮೆರಾ ಮಹೇಶ ಹೇಳ್ದ. ಹಾಸನದೋರು ನಿಮ್ಮನ್ನ ಒಪ್ಪವ್ರಂತೆ. ನೀವೂ ಒಪ್ಪಿದೀರಂತೆ."

"ನಾನು ಒಪ್ಪಿದೆ ಅಂತ ಯಾರಿಗೂ ಹೇಳಿಲ್ಲ."

"ಇಲ್ಲ ಅಂತಾನೂ ಹೇಳಿಲ್ಲ ತಾನೆ?"

ಹೇಳಿರಲಿಲ್ಲ, ನಿಜ. ಹೆಣ್ಣು ನೋಡಲು ಬಂದವರೆದುರು ತಲೆ ಬಗ್ಗಿಸಿ ಕೂತಿದ್ದಳು. ಅದನ್ನೇ ಅಪ್ಪ ಒಪ್ಪಿಗೆ ಎಂದುಕೊಂಡಿದ್ದರು. ಅಪ್ಪನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಂಡ ಸಂತೋಷ ಕೆಡಿಸಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಆಲೂರು, ಸಕಲೇಶಪುರದ ಕಡೆ ಭಾನುವಾರ ಸಂಜೆ ಟಿವಿ ಹಾಕುವವರಿಗೆ ದೊಡ್ಡವ್ವನ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗಾಗಿ ಹೇಳಬೇಕು. 'ದೊಡ್ಡವ್ವನ ಪಡಸಾಲೆ' ಲೋಕಲ್ ಚಾನೆಲ್‌ನಲ್ಲಿ ಇಪ್ಪತ್ತು ವರ್ಷದಿಂದ ಲೈವ್ ಬರುತ್ತಿರುವ ಗೊಂಬೆ ಶೋ. ಹಾಡು, ಮಿಮಿಕ್ರಿ, ಜಾದು, ಇವೆಲ್ಲದರ ನಡುವೆ ಮೂಗುತಿ ಹಾಕಿಕೊಂಡು ಎಲ್ಲರನ್ನೂ ಗದರಿಸುವ ಗೊಂಬೆ ಮುದುಕಿ ದೊಡ್ಡವ್ವ. ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುತ್ತಾರೆ. ಮಗ್ಗೆ ಊರಿನಲ್ಲಿ ಕಾಫಿ ಮೂಟೆ ಇಡುತ್ತಿದ್ದ ಹಳೇ ಸ್ಟೋರೇ ಅದರ ಸ್ಟುಡಿಯೋ. ನಡೆಸುವವರು ಸುಮನಾಳ ತಂದೆ ದೇವೀರಪ್ಪ.

ದೊಡ್ಡವ್ವನಿಗೆ ಜೀವ ಬರಬೇಕಾದರೆ ಇಬ್ಬರು ಬೇಕು. ಒಬ್ಬರು ಗೊಂಬೆಯ ತಲೆ, ಎಡಗೈ ಮತ್ತು ಮಾತು. ಇನ್ನೊಬ್ಬರು ಭುಜಕ್ಕೆ ಭುಜ ತಾಗಿಸಿ ಕೂತು ಗೊಂಬೆಯ ಬಲತೋಳಿನೊಳಗೆ ಕೈ ತೂರಿಸಿ ಬಲಗೈ ಆಗಬೇಕು. ಹಿಂದೆ ತಲೆ ದೇವೀರಪ್ಪನವರದು, ಬಲಗೈ ಅವರ ಹೆಂಡತಿಯದು. ಆಕೆ ತೀರಿಕೊಂಡ ಮೇಲೆ ದೇವೀರಪ್ಪ ಗೊಂಬೆಯನ್ನು ಮುಟ್ಟಲಿಲ್ಲ. ತಲೆ ಮಗಳ ಪಾಲಿಗೆ ಬಂತು. ಬಲಗೈಗೆ ಬಂದವನು ದೇವೇಂದ್ರ, ಹೊಂಗಡಹಳ್ಳದ ಕಡೆ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್.

"ಬಲಗೈ ತಾನಾಗೇ ಏನೂ ಮಾಡಬಾರ್ದು ಕಣಪ್ಪ" ಎಂದು ದೇವೀರಪ್ಪ ಮೊದಲ ದಿನವೇ ಹೇಳಿದ್ದರು. "ತಲೆ ಎತ್ಲಾಗೋ ಕೈಯೂ ಅತ್ಲಾಗೇ."

ದೇವೇಂದ್ರ ಅದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಸುಮನಾ ಉಸಿರೆಳೆದುಕೊಂಡರೆ ಸಾಕು, ದೊಡ್ಡವ್ವನ ಕೈ ಎದ್ದಿರುತ್ತಿತ್ತು. ಕಾಲ ಬಳಿ ಇಟ್ಟಿದ್ದ ಸಣ್ಣ ಮಾನಿಟರ್ ನೋಡಿಕೊಂಡು ಆಡಿಸಬೇಕು. ಅದರ ಗಾಜಿನಲ್ಲಿ ಗೊಂಬೆಯ ಜೊತೆಗೆ ಇವರ ಮುಖಗಳೂ ಮಸುಕಾಗಿ ಕಾಣುತ್ತಿದ್ದವು. ಮೊದಮೊದಲು ಅವನು ಗೊಂಬೆಯನ್ನೇ ನೋಡುತ್ತಿದ್ದ. ಆಮೇಲಾಮೇಲೆ ಅವನ ಕಣ್ಣು ಗೊಂಬೆಯಿಂದ ಜಾರಿ ಗಾಜಿನಲ್ಲಿನ ಅವಳ ಹುಬ್ಬಿಗೆ, ಹುಬ್ಬಿನಿಂದ ಕಿವಿಯೋಲೆಗೆ ಬಂದು, ಸಿಕ್ಕಿಬಿದ್ದೊಡನೆ ಸರಕ್ಕನೆ ಗೊಂಬೆಗೆ ವಾಪಸಾಗುತ್ತಿತ್ತು. ಒಂದು ಸಲ ದೊಡ್ಡವ್ವನ ಸೆರಗು ಸರಿಮಾಡುವ ನೆಪದಲ್ಲಿ ಅವನ ಬೆರಳು ಅವಳ ಮಣಿಕಟ್ಟಿಗೆ ತಾಗಿ, ಸುಮನಾ ಮುಂದಿನ ಮಾತನ್ನೇ ಮರೆತಿದ್ದಳು. ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿಕೊಂಡಿರಲಿಲ್ಲ, ಇಬ್ಬರಿಗೂ ಎಲ್ಲ ಗೊತ್ತಿತ್ತು.

ಇವತ್ತು ಅವನ ಕಣ್ಣು ಗೊಂಬೆ ಬಿಟ್ಟು ಕದಲಲಿಲ್ಲ.

ದೇವೀರಪ್ಪ ಬಗ್ಗಿ ಹಲಗೆಯ ಕೆಳಗೆ ಇಣುಕಿದರು. ಹಣೆಯ ಮೇಲೆ ವಿಭೂತಿ ಹೊಸದಾಗಿತ್ತು.

"ಮಗಾ, ಹಾಸನದೋರು ಮುಂದಿನ ಸಾಲಲ್ಲೇ ಕೂತವ್ರೆ. ಈರಮ್ಮನ ಜನಪದ ಹಾಡಿಗೆ ಮುಂಚೆ ದೊಡ್ಡವ್ವ ಹುಡುಗನ ತಾಯಿನ ಕರೆದು ತಾಂಬೂಲ ಕೊಟ್ಬುಡ್ಲಿ. ನಿಮ್ಮವ್ವ ಇದ್ದಿದ್ರೆ ಅವಳೇ ಕೊಡೋಳು."

"ಅಪ್ಪಾಜಿ, ಒಂದ್ನಿಮಿಷ..."

"ಲೈವ್‌ಗೆ ಟೈಮಾಯ್ತು ಕಣವ್ವ" ಎಂದು ಅವರು ಹೋಗಿಯೇ ಬಿಟ್ಟರು.

ತಾಂಬೂಲ ಕೊಟ್ಟರೆ ಮಾತು ಕೊಟ್ಟಂತೆ. ಅದೂ ಊರೂರೇ ನೋಡುತ್ತಿರುವಾಗ, ಅವಳದೇ ದನಿಯಲ್ಲಿ. ಆಮೇಲೆ ಹಿಂದೆ ಸರಿಯುವಂತಿಲ್ಲ.

"ನೀನಾದ್ರೂ ಅಪ್ಪಾಜಿ ಹತ್ರ ಒಂದು ಮಾತು ಆಡಬಾರ್ದಾ?" ಎಂದಳು ಪಿಸುದನಿಯಲ್ಲಿ.

"ಏನಂತ ಆಡ್ಲಿ? ನಿಮ್ಮ ಜನ ಬೇರೆ, ನಮ್ಮ ಜನ ಬೇರೆ. ಯಜಮಾನ್ರು ನನ್ನನ್ನ ಮನೆ ಮಗನಂಗೆ ನೋಡ್ಕೊಂಡವ್ರೆ. ಅಂಥೋರ ಮುಂದೆ ನಿಂತು ಮಗಳನ್ನ ಕೊಡಿ ಅನ್ನಕ್ಕಾಯ್ತದಾ? ನೀವು ಹೇಳಿ. ನಾನು ನಿಮ್ಮ ಹಿಂದೆ ಬತ್ತೀನಿ."

"ಯಾವಾಗ ನೋಡಿದ್ರೂ ಹಿಂದೆ."

"ಬಲಗೈ ಅಲ್ವಾ ನಾನು" ಎಂದ. ಗೊಂಬೆಯ ಬಲತೋಳಿನೊಳಗೆ ಕೈ ತೂರಿಸಿದ.

ದೀಪಗಳು ಹೊತ್ತಿಕೊಂಡವು. ದೊಡ್ಡವ್ವ ಎದ್ದಳು, ಎಲ್ಲರನ್ನೂ ಬೈದಳು, ಜಾದು ಮಾಡುವವನ ಟೋಪಿ ಕಿತ್ತುಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಹಲಗೆಯ ಕೆಳಗೆ ದೇವೇಂದ್ರನ ತೋಳು ಮರದ ಕೊರಡಿನಂತೆ ಬಿಗಿದಿತ್ತು, ಆದರೂ ಒಂದು ಸಲವೂ ಲೆಕ್ಕ ತಪ್ಪಲಿಲ್ಲ.

ಕಡೆಗೆ ಆ ಗಳಿಗೆ ಬಂತು. ದೊಡ್ಡವ್ವ ಕರೆದಳು. ಹುಡುಗನ ತಾಯಿ ದ್ರಾಕ್ಷಾಯಣಿ ಸೆರಗು ಹೊದ್ದು ಹಲಗೆಯ ಮುಂದೆ ಬಂದು ನಿಂತರು. ಮಗ ಮೋಹಿತ್ ಕೂತಲ್ಲೇ ಶರ್ಟಿನ ಕಾಲರ್ ಸರಿಮಾಡಿಕೊಂಡ. ತಾಂಬೂಲವನ್ನು ಎಡಗೈಯಲ್ಲಿ ಕೊಡುವಂತಿಲ್ಲ. ಸುಮನಾಳ ಬಳಿ ಇದ್ದದ್ದು ಎಡಗೈ ಮಾತ್ರ.

ಅವನು ಎತ್ತದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಜೀವಮಾನದಲ್ಲಿ ಇದೊಂದು ಸಲ ಮಾತು ಮೀರಲಿ.

ಬಲಗೈ ಎದ್ದಿತು. ಎಲೆ ಅಡಿಕೆ ತೆಗೆದುಕೊಂಡಿತು. ಸುಮನಾಳಿಗೆ ಮೊದಲು ಬಂದದ್ದು ಸಿಟ್ಟು. ತಿರುಗಿ ಅವನ ಮುಖ ನೋಡಿದಳು. ಅವನ ಕಣ್ಣು ತುಂಬಿ ನಿಂತಿತ್ತು. ತಾನು ಏನೂ ಹೇಳದೆ ಕೂತು ಅವನೊಬ್ಬನೇ ಎದುರು ನಿಲ್ಲಲಿ ಎಂದು ಬಯಸಿದ್ದು ಯಾವ ನ್ಯಾಯ ಎನ್ನಿಸಿತು.

ದೊಡ್ಡವ್ವನ ಎಡಗೈ ಹೋಗಿ ಬಲಗೈಯ ಮೇಲೆ ಕೂತಿತು. ಮೆಲ್ಲಗೆ ಅದನ್ನು ಕೆಳಗಿಳಿಸಿತು.

"ತಡೀರಿ ತಾಯಿ" ಎಂದಳು ದೊಡ್ಡವ್ವ. "ನಮ್ಮ ಹುಡುಗೀನ ಯಾರೂ ಕೇಳೇ ಇಲ್ಲ. ಕೇಳ್ದೆ ನಾನು ಹೆಂಗೆ ಕೊಡ್ಲಿ?"

ಜನ ಹೋ ಎಂದು ನಕ್ಕರು. ದ್ರಾಕ್ಷಾಯಣಿಯೂ ನಕ್ಕರು.

"ನಗಬ್ಯಾಡಿ ಕಣ್ರವ್ವ. ಇದು ತಮಾಸೆ ಅಲ್ಲ. ಹುಡುಗಿ ಮನಸ್ಸು ಬೇರೆ ಕಡೆ ಐತೆ."

ನಗು ಅಲ್ಲಿಗೇ ನಿಂತಿತು. ಕ್ಯಾಮೆರಾ ಹಿಂದೆ ಮಹೇಶ ಬೆಪ್ಪಾಗಿ ನಿಂತಿದ್ದ. ಜನಪದ ಹಾಡಲು ಹೆಗ್ಗದ್ದೆಯಿಂದ ಬಂದಿದ್ದ ಈರಮ್ಮ ಅನುಭವಸ್ಥೆ. ಯಾರೂ ಹೇಳುವ ಮೊದಲೇ ಮೈಕ್ ಎಳೆದುಕೊಂಡು ಹಾಡು ಶುರುಮಾಡಿಬಿಟ್ಟಳು.

ದೇವೀರಪ್ಪ ಹಲಗೆಯ ಹಿಂದೆ ಬಂದರು. ಅವರ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ಏನವ್ವ ಇದು?"

"ನಂಗೆ ಒಪ್ಪಿಗೆ ಇಲ್ಲ ಅಪ್ಪಾಜಿ."

"ಮನೇಲಿ ಹೇಳಕ್ಕೆ ಬಾಯಿರಲಿಲ್ವಾ?"

"ಇರಲಿಲ್ಲ. ದೊಡ್ಡವ್ವನಿಗೆ ಇತ್ತು."

"ಯಾರು ಅವ್ನು?"

ಸುಮನಾ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಮಾತು ಬಂತು. "ನಾನು ಯಜಮಾನ್ರೆ. ಸುಮನಾನ ಮದುವೆ ಆಗ್ಬೇಕು ಅಂತ ನಂಗೆ ಭಾಳ ದಿನದಿಂದ ಐತೆ. ಇವತ್ತಿನ ತಂಕ ಹೇಳ್ದೆ ನಿಮ್ಮನ್ನ ಇಂಥ ಇಕ್ಕಟ್ಟಿಗೆ ತಂದ್ಬುಟ್ಟೆ. ತಪ್ಪು ನಂದು, ಅವಳದಲ್ಲ."

ದೇವೀರಪ್ಪ ಅವನನ್ನು ದಿಟ್ಟಿಸಿ ನೋಡಿದರು. "ಕೈ ತೆಗಿ. ಎದ್ದು ಆಚೆ ಹೋಗು."

ಅವನು ಕೈ ಹೊರತೆಗೆದ. ದೊಡ್ಡವ್ವನ ಬಲತೋಳು ಜೋತುಬಿತ್ತು. ಜನರ ಪಕ್ಕದಲ್ಲೇ ಹಾದುಹೋಗಿ ಸ್ಟೋರಿನ ಬಾಗಿಲಲ್ಲಿ ನಿಂತ, ಹೊಸ್ತಿಲು ದಾಟಲಿಲ್ಲ.

ಹಾಡು ಮುಗಿಯುತ್ತ ಬಂದಿತ್ತು. ಮಹೇಶ ಗಾಬರಿಯಿಂದ ಕೈ ಮಾಡುತ್ತಿದ್ದ. ಬಲಗೈ ಆಗಲು ಇನ್ಯಾರೂ ಇರಲಿಲ್ಲ. ದೇವೀರಪ್ಪ ಒಂದು ಗಳಿಗೆ ಆ ಖಾಲಿ ತೋಳನ್ನು ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಮಣೆಯ ಮೇಲೆ ಕೂತು, ಹೆಂಡತಿಯ ಕೈ ಇರುತ್ತಿದ್ದ ಜಾಗಕ್ಕೆ ತಮ್ಮ ಕೈ ತೂರಿಸಿದರು.

ದೊಡ್ಡವ್ವ ದ್ರಾಕ್ಷಾಯಣಿಯ ಕಡೆ ತಿರುಗಿದಳು. "ತಾಯಿ, ನಿಮ್ಮ ಮಗ ಬಂಗಾರದಂಥೋನು. ತಡವಾಗಿ ಹೇಳಿದ್ದು ನಮ್ಮ ಹುಡುಗಿ ತಪ್ಪು. ಕೈ ಮುಗಿತೀನಿ." ಎಡಗೈ ಒಂದೇ ಮೇಲೆ ಬಂದು ಕಾಯಿತು. ಒಂದೇ ಕೈಯಲ್ಲಿ ಮುಗಿಯಲು ಬರುವುದಿಲ್ಲ. ಬಹಳ ಹೊತ್ತು ಎನ್ನಿಸುವಷ್ಟು ಕಾದ ಮೇಲೆ ಅಪ್ಪನ ಕೈ ಬಂದು ಕೂಡಿಕೊಂಡಿತು.

ದ್ರಾಕ್ಷಾಯಣಿ ತುಟಿ ಬಿಗಿದುಕೊಂಡು ನಿಂತಿದ್ದರು. "ಬಾಮ್ಮ, ಕೂತ್ಕೊ" ಎಂದ ಮೋಹಿತ್. ಅವನ ಕಿವಿ ಕೆಂಪಾಗಿತ್ತು. "ಈಗಲಾದ್ರೂ ಹೇಳಿದ್ರಲ್ಲ, ಬಿಡು." ಅವರು ಹೋಗಿ ಕೂತರು.

ಸುಮನಾ ದೊಡ್ಡವ್ವನ ತಲೆಯನ್ನು ಬಾಗಿಲ ಕಡೆ ತಿರುಗಿಸಿದಳು. ಅವನನ್ನು ಒಳಗೆ ಕರೆಯಬೇಕೆಂದುಕೊಂಡಳು. ಅಪ್ಪನನ್ನು ಊರೆದುರು ಒಂದು ಸಲ ತಗ್ಗಿಸಿಯಾಗಿತ್ತು, ಎರಡನೇ ಸಲಕ್ಕೆ ದೊಡ್ಡವ್ವನ ಬಾಯಿಂದಲೂ ದನಿ ಹೊರಡಲಿಲ್ಲ. ಲೈವ್ ನಡೆಯುತ್ತಲೇ ಇತ್ತು. ಗೊಂಬೆ ಮುದುಕಿ ಬಾಗಿಲಲ್ಲಿ ನಿಂತವನನ್ನು ನೋಡುತ್ತ ಸುಮ್ಮನೆ ಕೂತಿದ್ದಳು. ಅವಳ ಬಲಗೈ ಮಡಿಲಲ್ಲಿ ಬಿದ್ದಿತ್ತು.

ಆ ಕೈ ಅಲುಗಿತು. ಸುಮನಾ ಉಸಿರೂ ಎಳೆದಿರಲಿಲ್ಲ. ಕೈ ತಾನಾಗಿಯೇ ಅರ್ಧಕ್ಕೆ ಎದ್ದು ನಿಂತಿತು, ಯೋಚಿಸಿತು. ಆಮೇಲೆ ಬೆರಳು ಮಡಚಿ ಬಾಗಿಲ ಕಡೆಗೆ 'ಬಾ' ಎಂದಿತು.

ದೇವೇಂದ್ರ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಜನ ನಕ್ಕರು. ಕೈ ಇನ್ನೊಂದು ಸಲ ಕರೆಯಿತು, ಈ ಸಲ ಸಿಡುಕಿನಿಂದ. ಅವನು ಜನರನ್ನು ದಾಟಿ ನಡೆದು ಬರತೊಡಗಿದ.

ಸುಮನಾ ಗಾಜಿನಲ್ಲಿ ಅಪ್ಪನ ಮುಖ ಹುಡುಕಿದಳು. ಅವರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು.

"ಬಿರನೆ ಬಂದು ಕೂತ್ಕೊಳ್ಳಕ್ಕೆ ಹೇಳವ್ವ ಅವನಿಗೆ" ಎಂದರು ಪಿಸುದನಿಯಲ್ಲಿ. "ನಂಗೆ ಕೈ ಸೋಲ್ತೈತೆ."