ಮೊಯಿನುದ್ದೀನನ ಬ್ರೇಕು

ಮಳೆಗಾಲದಲ್ಲಿ ಮೀಂಜದ ಕೆಸರುಗದ್ದೆಯಲ್ಲಿ ನಡೆದ ಜೀಪು ರೇಸಿನಲ್ಲಿ ನನ್ನ ಮೊಮ್ಮಗಳು ಗೌತಮಿಯ ಜೀಪು ಮುಂದಿದ್ದ ಮೊಯಿನುದ್ದೀನನ ಜೀಪಿಗೆ ಗುದ್ದಿತು. ಅವನು ತೀರಿಕೊಂಡ. ತಪ್ಪು ಹುಡುಗಿಯದ್ದೇ ಎಂದು ಊರು ತೀರ್ಮಾನಿಸಿಬಿಟ್ಟಿತು. ನೇರ ದಾರಿಯಲ್ಲಿ ಅವನು ಒಮ್ಮೆಲೇ ಬ್ರೇಕ್ ಹಾಕಿದ ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಾನು ನಂಬಿದೆ.

ಮಳೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳನ್ನು ಕರೆದುಕೊಂಡು, ಮೊಯಿನುದ್ದೀನನ ಜೀಪು ನಿಲ್ಲಿಸಿದ್ದ ಗ್ಯಾರೇಜಿಗೆ ಹೋದೆ. ಗ್ಯಾರೇಜು ಅವನ ತಮ್ಮ ನಿಯಾಸನದ್ದು. ಹೊರಗೆ ಸುಡುಬಿಸಿಲು. ಜೀಪಿನ ಹತ್ತಿರ ಮಾತ್ರ ನೆಲ ತಣ್ಣಗೆ ಕೊರೆಯುತ್ತಿತ್ತು, ಹಸಿ ಕೆಸರಿನ ವಾಸನೆ ಬೇರೆ.

"ಎಂತ ಅಜ್ಜಿ, ಪುಳ್ಳಿಯ ಪರ ವಾದ ಮಾಡ್ಲಿಕ್ಕೆ ಬಂದದ್ದಾ? ನನ್ನ ಅಣ್ಣ ಬ್ರೇಕ್ ತುಳಿಯಲೇ ಇಲ್ಲ," ಎಂದ ನಿಯಾಸ್.

ಜೀಪಿನ ಹಿಂದಿನ ಬ್ರೇಕ್ ದೀಪ ಕೆಂಪಗೆ ಹೊತ್ತಿ ಆರಿತು. ಬ್ಯಾಟರಿಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರು.

ಗೌತಮಿ ನನ್ನ ಸೆರಗು ಎಳೆದಳು. ನಾನು ಕದಲಲಿಲ್ಲ. "ಇನ್ನೊಮ್ಮೆ ಹೇಳು ಮಾರಾಯ," ಎಂದೆ.

"ತುಳಿಯಲಿಲ್ಲ!" ಎಂದು ಅವನು ಕಿರುಚಿದ. ದೀಪ ಮತ್ತೆ ಹೊತ್ತಿತು. ಈ ಸಲ ಆರಲಿಲ್ಲ.

"ನಿನ್ನ ಅಣ್ಣನೇ ಹೇಳ್ತಾ ಇದ್ದಾನಲ್ಲ, ಇನ್ನು ನಾನೆಂತಕ್ಕೆ ವಾದ ಮಾಡ್ಲಿ?"

ನಿಯಾಸ್ ಬಾಗಿಲು ತೆರೆದು ಒಳಗೆ ಬಗ್ಗಿದ. ನಾನೂ ನೋಡಿದೆ. ಸೀಟು ಖಾಲಿ ಇತ್ತು. ಬ್ರೇಕಿನ ಪೆಡಲು ಮಾತ್ರ ತಳದವರೆಗೆ ಒತ್ತಿಕೊಂಡಿತ್ತು; ಅದರಿಂದ ಹಸಿ ಕೆಸರು ತೊಟ್ಟಿಕ್ಕುತ್ತಿತ್ತು.